ರಾಣಿ ಮೇರಿಯ ಅಂತ್ಯಯಾತ್ರೆಯ ಮಾರ್ಚ್: ನಾಲ್ವರು ಸೇರಿ ನುಡಿಸುವುದು ಹೇಗೆ?

ಚಿಕ್ಕ ಬ್ರಾಸ್ ಗುಂಪಿಗೆ ಒಂದು ಒಳ್ಳೆಯ ಬರೋಕ್ (17-18ನೇ ಶತಮಾನದ ಯುರೋಪಿನ ಶೈಲಿ) ಮಾರ್ಚ್ ಬೇಕು ಅಂದವರಿಗೆಲ್ಲ ನಾನು ಹೇಳುವುದು ಹೆನ್ರಿ ಪರ್ಸೆಲ್ ಅವರ ಈ ಮಾರ್ಚನ್ನೇ. 1695ರ ಮಾರ್ಚ್ 5ರಂದು ಲಂಡನ್ನಿನಲ್ಲಿ ನಡೆದ ಇಂಗ್ಲೆಂಡಿನ ಎರಡನೇ ಮೇರಿ ರಾಣಿಯ ಅಂತ್ಯಕ್ರಿಯೆಗೆ ಇದನ್ನು ನುಡಿಸಿದ್ದರು. ಸಿಡುಬಿನಿಂದ ತೀರಿಕೊಂಡಾಗ ಆಕೆಗೆ ಬರೀ 32 ವರ್ಷ. ಆಗಿನ ಸಾದಾ ಟ್ರಂಪೆಟ್‌ಗೆ ವಾಲ್ವ್ (ಸ್ವರ ಬದಲಿಸಲು ಒತ್ತುವ ಗುಂಡಿ) ಇರಲಿಲ್ಲ, ಮೈನರ್ ಕೀಗೆ (ಶೋಕದ ಛಾಯೆಯ ಸ್ವರಶ್ರೇಣಿಗೆ) ಬೇಕಾದ ಸ್ವರಗಳು ಸಿಗುತ್ತಿರಲಿಲ್ಲ. ಅದಕ್ಕೇ ಹಿಂದಕ್ಕೆ ಎಳೆಯುವ ಸ್ಲೈಡ್ (ಜಾರುವ ಕೊಳವೆ) ಇದ್ದ ಫ್ಲಾಟ್ ಟ್ರಂಪೆಟ್‌ಗಳನ್ನು ಬಳಸಿದರು.

ನಮಗೆ ಎರಡು ಟ್ರಂಪೆಟ್, ಎರಡು ಟ್ರಾಂಬೋನ್ ಸಾಕು. ಕೀ ಸಿ ಮೈನರ್. ಬಿ ಫ್ಲಾಟ್ ಟ್ರಂಪೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುತ್ತದೆ, ಹಾಗಾಗಿ ಅವರ ಹಾಳೆಯಲ್ಲಿ ಅದು ಡಿ ಮೈನರ್ ಆಗಿರಬೇಕು, ಮೊದಲೇ ನೋಡಿಕೊಳ್ಳಿ.

ಸ್ವರಗಳು ಸುಲಭ. ಕಷ್ಟ ಇರುವುದು ಶ್ರುತಿಯಲ್ಲಿ. ನಾಲ್ಕೂ ಭಾಗ ಒಟ್ಟೊಟ್ಟಿಗೆ ಹೆಜ್ಜೆ ಹಾಕುತ್ತವೆ, ಹಾಗಾಗಿ ಸ್ವಲ್ಪ ಆಚೀಚೆ ಆದರೂ ಗೊತ್ತಾಗಿಬಿಡುತ್ತದೆ. ನಾನು ಹೀಗೆ ಮಾಡಿಸುತ್ತೇನೆ: ಕೆಳಗಿನ ಟ್ರಾಂಬೋನ್ ಸಿ ಹಿಡಿಯಲಿ. ಇನ್ನೊಬ್ಬರು ಅದರ ಮೇಲೆ ಜಿ ಇಡಲಿ. ಶ್ರುತಿ ಸೇರದಾಗ ಎರಡರ ನಡುವೆ ಕೇಳುವ ಅಲುಗಾಟ ಪೂರ್ತಿ ನಿಂತ ಮೇಲೆ ಮಾತ್ರ ಇ ಫ್ಲಾಟ್ ಸೇರಿಸಿ. ಈ ಇ ಫ್ಲಾಟ್ ಪಿಯಾನೋದಲ್ಲಿ ಕೇಳುವುದಕ್ಕಿಂತ ಒಂದು ಚೂರು ಮೇಲಿರಬೇಕು. ಅದು ಟ್ರಾಂಬೋನ್‌ಗೆ ಬಂದರೆ ಮೂರನೇ ಪೊಸಿಷನ್‌ನಿಂದ (ಸ್ಲೈಡ್ ನಿಲ್ಲಿಸುವ ಮೂರನೇ ಜಾಗದಿಂದ) ಸ್ಲೈಡನ್ನು ತುಸು ಒಳಗೆ ತನ್ನಿ. ಟ್ರಂಪೆಟ್‌ಗೆ ಬಂದರೆ ತುಟಿಯಲ್ಲೇ ಏರಿಸಬೇಕು. ಸರಿಯಾಗಿ ಕೂತಾಗ ನಾಲ್ಕು ವಾದ್ಯ ಒಂದೇ ಆಗಿ ಕೇಳುತ್ತದೆ. ಆ ಸದ್ದು ನನಗೆ ತುಂಬಾ ಇಷ್ಟ. ವೈಬ್ರಾಟೋ, ಅಂದರೆ ಸ್ವರ ನಡುಗಿಸುವುದು, ಬೇಡವೇ ಬೇಡ.

ಉಸಿರು ಎಲ್ಲರೂ ಒಟ್ಟಿಗೇ ತೆಗೆದುಕೊಳ್ಳಿ, ಸಾಲು ಮುಗಿಸುವಾಗಲೂ ಒಟ್ಟಿಗೇ ಬಿಡಿ. ನಾಲಿಗೆಯಿಂದ ಸ್ವರವನ್ನು ಕತ್ತರಿಸಬೇಡಿ, ಗಾಳಿ ನಿಲ್ಲಿಸಿದರೆ ಸಾಕು.

ವೇಗ ಎಷ್ಟು ಅಂತ ಮೆಟ್ರೊನೋಮ್ ಕೇಳುವುದಕ್ಕಿಂತ ವಾದ್ಯ ಪಕ್ಕಕ್ಕಿಟ್ಟು, ರಾಗ ಗುನುಗುತ್ತಾ ನಡೆದು ನೋಡಿ. ಶವಪೆಟ್ಟಿಗೆ ಹೊತ್ತವರ ಜೊತೆ ನಡೆಯುವ ವೇಗ ಅದು. ನಡೆಯೋಕೇ ಆಗದಷ್ಟು ಎಳೆದರೆ ಮಾರ್ಚ್ ಉಳಿಯಲ್ಲ, ಅಲ್ವಾ?

ರೆಕಾರ್ಡಿಂಗ್‌ಗಳಲ್ಲಿ ಕೇಳುವ ಡ್ರಮ್ ಈಚಿನವರು ಸೇರಿಸಿದ್ದು, ಪರ್ಸೆಲ್ ಅವರ ಸಂಗೀತದಲ್ಲಿ ಆ ಭಾಗ ಇಲ್ಲ. ಬೇಕಿದ್ದರೆ ಮೊದಲ ಸಲ ಡ್ರಮ್ ಇಲ್ಲದೆ ನುಡಿಸಿ, ಎರಡನೇ ಸಲ ಮೇಲೆ ಬಟ್ಟೆ ಹಾಕಿ ಮೆಲ್ಲಗೆ ಬಾರಿಸಿ. ಡ್ರಮ್ ಜಾಸ್ತಿಯಾದರೆ ಒಳಗಿನ ಎರಡು ಭಾಗ ಮುಳುಗಿಹೋಗುತ್ತವೆ.

ಇದೇ ಅಂತ್ಯಕ್ರಿಯೆಗೆ ಪರ್ಸೆಲ್ ನಾಲ್ಕು ಫ್ಲಾಟ್ ಟ್ರಂಪೆಟ್‌ಗೆ ಒಂದು ಕ್ಯಾನ್ಜೋನಾ (ಒಂದು ಬಗೆಯ ವಾದ್ಯರಚನೆ) ಕೂಡ ಬರೆದಿದ್ದಾರೆ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಬರಬೇಕು, ಕೆಲಸ ಜಾಸ್ತಿ. ಎರಡನ್ನೂ ಒಂದೇ ದಿನ ನುಡಿಸುವುದಾದರೆ ಮಾರ್ಚ್‌ನಲ್ಲಿ ತುಟಿ ದಣಿಸಿಕೊಳ್ಳಬೇಡಿ.