ಶಾಲೆಯ ಕಂಪ್ಯೂಟರಿನಲ್ಲಿ ಊರಿನ ನೀರಿನ ಲೆಕ್ಕ: ಮಕ್ಕಳ ಜೊತೆ ಮಾಡಿದ ಬಗೆ

‘ಊರಿನ ಅಭಿವೃದ್ಧಿ’ ಅಂತ ವಿಷಯ ಕೊಟ್ಟರೆ ಮಕ್ಕಳು ಅಂತರ್ಜಾಲದಿಂದ ಚಿತ್ರ ಇಳಿಸಿಕೊಂಡು ನಾಲ್ಕು ಸ್ಲೈಡ್ ಮಾಡಿ ಮುಗಿಸುತ್ತಾರೆ. ಅದಕ್ಕೇ ನಾನು ವಿಷಯ ಕೊಡುವುದಿಲ್ಲ, ಪ್ರಶ್ನೆ ಕೊಡುತ್ತೇನೆ: ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಸಾರ್ವಜನಿಕ ನಲ್ಲಿ, ಕೈಪಂಪುಗಳಲ್ಲಿ ಈಗ ನೀರು ಬರುವುದು ಯಾವುದರಲ್ಲಿ? ಇದಕ್ಕೆ ಹೋಗಿ ನೋಡಲೇಬೇಕು.

ನಮೂನೆ ಒಂದೇ ಪುಟ. ಕ್ರಮಸಂಖ್ಯೆ, ದಿನಾಂಕ, ನಲ್ಲಿಯೋ ಕೈಪಂಪೋ, ಸ್ಥಿತಿ, ಬಕೆಟ್ ತುಂಬಲು ಹಿಡಿದ ಸೆಕೆಂಡು, ಅಕ್ಷಾಂಶ, ರೇಖಾಂಶ, ಷರಾ. ಸ್ಥಿತಿಗೆ ಮೂರೇ ಆಯ್ಕೆ: ಸರಿಯಿದೆ, ಅರೆಬರೆ, ಕೆಟ್ಟಿದೆ. ‘ಅರೆಬರೆ’ ಅಂದರೇನು ಎಂದು ಮೊದಲೇ ತೀರ್ಮಾನಿಸದಿದ್ದರೆ ಒಂದೊಂದು ಗುಂಪು ಒಂದೊಂದು ಥರ ಬರೆದುಕೊಂಡು ಬರುತ್ತದೆ. ನಮ್ಮ ಅಳತೆ ಇದು: 20 ಲೀಟರಿನ ಬಕೆಟ್ ತುಂಬಲು 120 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಅರೆಬರೆ. ಮನೆಯವರ ಹೆಸರು, ಫೋನ್ ನಂಬರು ಕೇಳುವಂತಿಲ್ಲ. ಫೋಟೋ ತೆಗೆದರೆ ನಲ್ಲಿಯದು ಮಾತ್ರ.

ಮೊಬೈಲ್ ಜಿಪಿಎಸ್ ಆನ್ ಆದ ತಕ್ಷಣ ತೋರಿಸುವ ಜಾಗವನ್ನು ನಂಬಬೇಡಿ. ಬಯಲಿನಲ್ಲಿ ನಿಂತು, ನಿಖರತೆ 10 ಮೀಟರಿನೊಳಗೆ ಬರುವವರೆಗೆ ಕಾಯಬೇಕು. ದಶಾಂಶದ ನಂತರ ಐದು ಅಂಕಿ ಬರೆಸಿ. ಐದನೆಯ ಅಂಕಿ ಅಕ್ಷಾಂಶದಲ್ಲಿ ಸುಮಾರು 1 ಮೀಟರಿಗೆ ಸಮ. ಮೂರಕ್ಕೇ ನಿಲ್ಲಿಸಿದರೆ ನಲ್ಲಿ ಪಕ್ಕದ ಬೀದಿಗೆ ಹೋಗಿ ಕೂರುತ್ತದೆ.

ನಿಜವಾದ ತಲೆನೋವು ಲ್ಯಾಬಿನಲ್ಲಿ. ಬಿಟ್ಟರೆ, ಮನೆಯಲ್ಲಿ ಕಂಪ್ಯೂಟರ್ ಇರುವ ಹುಡುಗ ಮೌಸ್ ಹಿಡಿದವನು ಬಿಡುವುದೇ ಇಲ್ಲ. ಒಂದು ಕಂಪ್ಯೂಟರಿಗೆ ಮೂವರು: ಒಬ್ಬರು ಓದುವುದು, ಒಬ್ಬರು ಟೈಪಿಸುವುದು, ಮೂರನೆಯವರು ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲು ತಾಳೆ ನೋಡುವುದು. ಹತ್ತು ಸಾಲಿಗೊಮ್ಮೆ ಜಾಗ ಬದಲು.

ಸ್ಪ್ರೆಡ್‌ಶೀಟಿನಲ್ಲಿ ‘ಕೈಪಂಪು’, ‘ಕೈ ಪಂಪು’, ‘ಕೈಪಂಪ್’ ಅಂತ ಬಂದರೆ ಪಿವೋಟ್ ಟೇಬಲ್ (ಯಾವ ಬಗೆಯದು ಎಷ್ಟಿದೆ ಎಂದು ತಾನೇ ಎಣಿಸಿ ಕೊಡುವ ಪಟ್ಟಿ) ಅವನ್ನು ಮೂರು ಬಗೆ ಎಂದೇ ಎಣಿಸುತ್ತದೆ. ಆದ್ದರಿಂದ ಆಯ್ಕೆಯ ಕಾಲಂಗಳಿಗೆಲ್ಲ ಡ್ರಾಪ್‌ಡೌನ್ ಹಾಕಿ, ಅಂದರೆ ಟೈಪಿಸುವ ಬದಲು ಸಿದ್ಧ ಪಟ್ಟಿಯಿಂದ ಆರಿಸುವಂತೆ ಮಾಡಿ. ದಿನಾಂಕವನ್ನು 2024-04-03 ರೀತಿಯಲ್ಲಿ, ವರ್ಷ ಮೊದಲಿಟ್ಟು ಬರೆಸಿ. 3/4 ಎಂದರೆ ಕೆಲವು ಕಂಪ್ಯೂಟರ್ ಮಾರ್ಚ್ 4 ಎಂದುಕೊಳ್ಳುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಒಂದೇ ಕಾಲಂ ಆರಿಸಿ ಸಾರ್ಟ್ ಮಾಡುವುದು, ಅಂದರೆ ಅದೊಂದನ್ನೇ ಕ್ರಮವಾಗಿ ಜೋಡಿಸುವುದು. ಹಾಗಾದಾಗ ಪಕ್ಕದ ಕಾಲಂಗಳು ಇದ್ದಲ್ಲೇ ಉಳಿದು ಕೆಟ್ಟ ಪಂಪು ಒಳ್ಳೆಯ ಪಂಪಿನ ಜಾಗಕ್ಕೆ ಹೋಗುತ್ತದೆ, ನೋಡಿದರೆ ಗೊತ್ತೂ ಆಗುವುದಿಲ್ಲ. ಕ್ರಮಸಂಖ್ಯೆ ಇರುವುದೇ ಇದಕ್ಕೆ: ಹತ್ತರಲ್ಲಿ ಒಂದು ಸಾಲನ್ನು ಕಾಗದದೊಂದಿಗೆ ತಾಳೆ ನೋಡಿ. ಸಾರ್ಟ್ ಮಾಡುವ ಮುಂಚಿನ ಫೈಲನ್ನು ಪೆನ್‌ಡ್ರೈವಿನಲ್ಲಿ ಬೇರೆ ಇಡಿ.

ನಕ್ಷೆಗೆ ಅಂತರ್ಜಾಲದಲ್ಲಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಸಾಕು. 2004ರಲ್ಲಿ ಶುರುವಾದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಯಾರು ಬೇಕಾದರೂ ತಿದ್ದಬಹುದು ಎನ್ನುವುದರಿಂದಲೇ ಎಚ್ಚರವೂ ಬೇಕು: ಆ ನಲ್ಲಿ ಅದರಲ್ಲಿ ಈಗಾಗಲೇ ಇದೆಯೇ ಎಂದು ನೋಡದೆ ಸೇರಿಸಿದರೆ ಒಂದು ಎರಡಾಗುತ್ತದೆ. ಕಂಡ ನೀರನ್ನೆಲ್ಲ ಕುಡಿಯುವ ನೀರು ಎಂದು ಗುರುತಿಸಲೂ ಬಾರದು. ಇಂಟರ್ನೆಟ್ ಕೈಕೊಟ್ಟರೆ ಮುದ್ರಿಸಿದ ನಕ್ಷೆಯ ಮೇಲೆ ಬಣ್ಣದ ಚುಕ್ಕೆ ಅಂಟಿಸಿದರೂ ಕೆಲಸ ನಡೆಯುತ್ತದೆ.

ಕೊನೆಗೆ ಒಂದು ಎ4 ಹಾಳೆ: ಮೇಲೆ ನಕ್ಷೆ, ಕೆಳಗೆ ಸರಿಯಿರುವವು, ಅರೆಬರೆ, ಕೆಟ್ಟವು ಎಷ್ಟೆಷ್ಟು ಎಂಬ ಮೂರು ಸಾಲಿನ ಪಟ್ಟಿ, ಕೆಟ್ಟವುಗಳ ಕ್ರಮಸಂಖ್ಯೆ, ನೋಡಿದ ದಿನಾಂಕ. ಒಂದು ಪ್ರತಿ ಸ್ಥಳೀಯ ಆಡಳಿತಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಜನ ಸೇರುವ ಕಡೆ ಅಂಟಿಸಿ. ಅಲ್ಲಿ ಮಕ್ಕಳೇ ನಿಂತು ಉತ್ತರ ಹೇಳಲಿ. ‘ನಮ್ಮ ಬೀದಿಯ ನಲ್ಲಿ ಬಿಟ್ಟುಹೋಗಿದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಮರುದಿನವೇ ಹೋಗಿ ಅಳೆದು ಸೇರಿಸಬೇಕು. ಮುಂದಿನ ತರಗತಿಯವರು ಇದೇ ನಮೂನೆಯಲ್ಲಿ ಮತ್ತೆ ಅಳೆಯುತ್ತಾರೆ. ಹೊಸ ಕಾಲಂ ಬೇಕೆಂದರೆ ಕೊನೆಗೆ ಸೇರಿಸಲಿ. ಹಳೆಯದನ್ನು ಮುಟ್ಟಿದರೆ ಎರಡು ವರ್ಷದ ಲೆಕ್ಕವನ್ನು ಹೋಲಿಸಲಾಗುವುದಿಲ್ಲ.