ಜನನ ಪ್ರಮಾಣಪತ್ರದಲ್ಲಿ ತಪ್ಪಿದೆಯೇ? ಮೊದಲು ಮೂಲ ದಾಖಲೆ ನೋಡಿ

ಶಾಲೆಗಳ ದಾಖಲಾತಿ ಶುರುವಾಯಿತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಜನನ ಪ್ರಮಾಣಪತ್ರದ ಮಾತೇ ಮಾತು. ಮಗು ಹುಟ್ಟಿದಾಗ ತಂದು ಬೀರುವಿನಲ್ಲಿಟ್ಟ ಕಾಗದವನ್ನು ಆವತ್ತೇ ಮೊದಲ ಸಲ ಸರಿಯಾಗಿ ಓದುವುದು. ತಾಯಿಯ ಹೆಸರು ಆಧಾರ್‌ನಲ್ಲಿ ಮಂಜುಳ, ಇಲ್ಲಿ ಮಂಜಮ್ಮ. ತಂದೆಯ ಇನಿಷಿಯಲ್ ಇಲ್ಲ. ಕನ್ನಡದಲ್ಲಿ ಸರಿಯಿರುವ ಹೆಸರು ಇಂಗ್ಲಿಷಿನಲ್ಲಿ ಬೇರೆಯೇ ಆಗಿದೆ.

ಒಂದಕ್ಷರ ತಾನೇ, ಮುಂದೆ ನೋಡಿಕೊಂಡರಾಯಿತು ಎಂದು ಬಿಡುವ ಕಾಲ ಮುಗಿಯಿತು. ಜನನ ಮತ್ತು ಮರಣಗಳ ನೋಂದಣಿ ಕಾಯ್ದೆ 1969ಕ್ಕೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನ ಮತ್ತು ಅದರ ನಂತರ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಇದೊಂದೇ. ಹಿಂದಿನವರಿಗಿದ್ದಂತೆ ಟಿ.ಸಿ., ಮಾರ್ಕ್ಸ್ ಕಾರ್ಡ್ ತೋರಿಸಿ ದಾಟಿಕೊಳ್ಳುವ ದಾರಿ ಈ ಮಕ್ಕಳಿಗೆ ಇರುವುದಿಲ್ಲ.

ತಪ್ಪು ಹುಟ್ಟಿದ್ದು ಎಲ್ಲಿ?

ಅರ್ಜಿ ಬರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಅರ್ಧ ಓಡಾಟ ಇಲ್ಲಿಯೇ ಉಳಿಯುತ್ತದೆ.

ನಿಮ್ಮ ಕೈಯಲ್ಲಿರುವುದು ನೋಂದಣಿ ಪುಸ್ತಕದ ನಕಲು. ಅಸಲು ಇರುವುದು ಕಚೇರಿಯ ರಿಜಿಸ್ಟರ್‌ನಲ್ಲಿ. ಆ ರಿಜಿಸ್ಟರ್‌ಗೂ ಒಂದು ಮೂಲವಿದೆ: ಹೆರಿಗೆಯಾದ ಮೇಲೆ ಆಸ್ಪತ್ರೆಯವರು ತುಂಬಿ ಕಳಿಸುವ ಜನನ ವರದಿ, ಅಂದರೆ ನಮೂನೆ 1. ಮನೆಯಲ್ಲಿ ಹೆರಿಗೆಯಾಗಿದ್ದರೆ ಮನೆಯ ಯಜಮಾನರು ಕೊಟ್ಟ ಮಾಹಿತಿ. ಹೆರಿಗೆ ವಾರ್ಡಿನಲ್ಲಿ ಈ ನಮೂನೆ ತುಂಬುವವರು ಸಾಮಾನ್ಯವಾಗಿ ತಾಯಿ ಕಾರ್ಡ್ ನೋಡಿ ಬರೆದುಕೊಳ್ಳುತ್ತಾರೆ, ಇಲ್ಲವೇ ಜೊತೆಗಿದ್ದವರನ್ನು ಕೇಳುತ್ತಾರೆ. ಜೊತೆಗಿದ್ದ ಅಜ್ಜಿ ಮಗಳನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೋ ಅದೇ ಹೆಸರು ದಾಖಲೆಗೆ ಹೋಗುತ್ತದೆ. ಮುನಿಯಪ್ಪ, ಮುನಿಸ್ವಾಮಿ, ಮುನಿರಾಜು ಹೀಗೆ ಒಬ್ಬರಿಗೇ ಎರಡು ಮೂರು ಹೆಸರು ಓಡಾಡುವ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ತೀರಾ ಸಹಜ.

ಹಾಗಾಗಿ ತಪ್ಪು ಮೂರು ಕಡೆ ಆಗಿರಬಹುದು. ರಿಜಿಸ್ಟರ್ ಸರಿಯಿದ್ದು ಪ್ರಮಾಣಪತ್ರ ತೆಗೆಯುವಾಗ ಅಥವಾ ಕಂಪ್ಯೂಟರಿಗೆ ಏರಿಸುವಾಗ ತಪ್ಪಿರಬಹುದು, ಇದು ಸುಲಭದ್ದು. ಆಸ್ಪತ್ರೆಯ ವರದಿ ಸರಿಯಿದ್ದು ರಿಜಿಸ್ಟರ್‌ಗೆ ಇಳಿಸುವಾಗ ತಪ್ಪಿರಬಹುದು. ಇದಕ್ಕೆ ವರದಿಯೇ ಸಾಕ್ಷಿ. ವರದಿಯಲ್ಲೇ ತಪ್ಪಿದ್ದರೆ ಮಾತ್ರ ಹೊರಗಿನಿಂದ ಪುರಾವೆ ತರಬೇಕು. ನೋಂದಣಿ ಸಂಖ್ಯೆ ಮತ್ತು ದಿನಾಂಕ ಹೇಳಿ, ‘ರಿಜಿಸ್ಟರ್‌ನಲ್ಲಿ ಏನಿದೆ, ಜನನ ವರದಿಯಲ್ಲಿ ಏನಿದೆ, ದಯವಿಟ್ಟು ನೋಡಿ ಹೇಳಿ’ ಎಂದು ಕೇಳಿ. ಇಷ್ಟನ್ನು ಕೇಳದೆ ನೇರವಾಗಿ ನೋಟರಿ ಬಳಿ ಹೋಗಿ ಅಫಿಡವಿಟ್ ಮಾಡಿಸಿ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ತಪ್ಪಲ್ಲದ ‘ತಪ್ಪು’ಗಳು

ಕೆಲವನ್ನು ತಿದ್ದಿಸಲು ಹೋಗಲೇಬಾರದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಮೊದಲು ಬಾಗೇಪಲ್ಲಿಯಲ್ಲೋ ಗುಡಿಬಂಡೆಯಲ್ಲೋ ಹುಟ್ಟಿದವರ ಪತ್ರದಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ಅದು ಸರಿಯಾದ ದಾಖಲೆ. ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಪತ್ರದಲ್ಲಿ ಹಳೆಯ ಕಾಗುಣಿತವೇ ಇರುತ್ತದೆ. ವಿಳಾಸವೂ ಅಷ್ಟೆ. ಮಗು ಹುಟ್ಟಿದಾಗ ಎಲ್ಲಿದ್ದಿರೋ ಅದನ್ನು ಬರೆದಿರುತ್ತಾರೆ, ಆಮೇಲೆ ಮನೆ ಬದಲಿಸಿದರೆ ಅದು ಬದಲಾಗದು.

ರಾತ್ರಿ ಹುಟ್ಟಿದ ಮಕ್ಕಳ ದಿನಾಂಕದ ಗೊಂದಲವೂ ಹೀಗೆಯೇ. ಭಾನುವಾರ ರಾತ್ರಿ ಒಂದೂವರೆಗೆ ಹುಟ್ಟಿದ ಮಗುವಿಗೆ ಜಾತಕ ಬರೆಯುವವರು ಭಾನುವಾರವೆಂದೇ ಹಿಡಿಯುತ್ತಾರೆ, ಪಂಚಾಂಗಕ್ಕೆ ದಿನ ಶುರುವಾಗುವುದು ಸೂರ್ಯೋದಯದಿಂದ. ಆಸ್ಪತ್ರೆಗೆ ಮಧ್ಯರಾತ್ರಿ ಹನ್ನೆರಡಾದರೆ ದಿನಾಂಕ ಬದಲಾಯಿತು, ಅದು ಸೋಮವಾರ. ಜಾತಕ ತೋರಿಸಿದರೆ ಯಾವ ಅಧಿಕಾರಿಯೂ ದಿನಾಂಕ ತಿದ್ದಲಾರರು, ತಿದ್ದಬಾರದು ಕೂಡ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಶಾಲೆಯ ದಿನಾಂಕದಲ್ಲಿ. ಹಿಂದೆ ವಯಸ್ಸು ಹೊಂದಲೆಂದು ಎಷ್ಟೋ ಮಕ್ಕಳ ಹುಟ್ಟಿದ ದಿನವನ್ನು ಮೇ, ಜೂನ್ ತಿಂಗಳಿಗೆ ಬರೆಸಿ ಶಾಲೆಗೆ ಸೇರಿಸುತ್ತಿದ್ದರು. ಅದೇ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬಂತು, ಆಧಾರ್‌ಗೂ ಬಂತು. ಈಗ ಪಾಸ್‌ಪೋರ್ಟಿಗೆಂದು ಜನನ ಪ್ರಮಾಣಪತ್ರ ತೆಗೆಸಿದರೆ ದಿನಾಂಕ ಬೇರೆ. ಆಗ ‘ಜನನ ಪ್ರಮಾಣಪತ್ರವನ್ನು ಎಸ್ಸೆಸ್ಸೆಲ್ಸಿಗೆ ಹೊಂದಿಸಿಕೊಡಿ’ ಎಂದು ಕೇಳುತ್ತಾರೆ. ಸರಿಯಾಗಿರುವ ನಮೂದನ್ನು ತಪ್ಪಿಗೆ ಹೊಂದಿಸುವ ಅಧಿಕಾರ ನೋಂದಣಾಧಿಕಾರಿಗೆ ಇಲ್ಲ. ತಿದ್ದಬೇಕಾದದ್ದು ಇನ್ನೊಂದು ದಾಖಲೆ, ಅದರ ದಾರಿಯೇ ಬೇರೆ. ಸರ್ಕಾರಿ ನೌಕರರಂತೂ 1974ರ ರಾಜ್ಯ ಕಾಯ್ದೆಯನ್ನು ಮರೆಯಬಾರದು. ಸೇವಾ ಪುಸ್ತಕದಲ್ಲಿ ಒಪ್ಪಿಕೊಂಡ ಜನ್ಮ ದಿನಾಂಕವನ್ನು ಪ್ರಶ್ನಿಸಲು ಅದು ಕೊಡುವುದು ಆ ದಿನಾಂಕ ಅಲ್ಲಿ ದಾಖಲಾದಾಗಿನಿಂದ ಮೂರು ವರ್ಷ ಮಾತ್ರ.

ಯಾವ ಕಚೇರಿಗೆ ಹೋಗಬೇಕು?

ಮಗು ಹುಟ್ಟಿದ ಊರಿನ ಕಚೇರಿಗೆ. ನೀವು ವಾಸವಿರುವ ಊರಿನದಕ್ಕಲ್ಲ.

ಮೊದಲ ಹೆರಿಗೆ ತವರಿನಲ್ಲಿ ಆಗುವ ನಮ್ಮ ಪದ್ಧತಿಯಿಂದಾಗಿ ಇದನ್ನು ಬಿಡಿಸಿ ಹೇಳಲೇಬೇಕು. ಗಂಡನ ಮನೆ ತುಮಕೂರು, ತವರು ಚಿಂತಾಮಣಿಯ ಬಳಿಯ ಹಳ್ಳಿ, ಹೆರಿಗೆ ಆದದ್ದು ಕೋಲಾರದ ಆಸ್ಪತ್ರೆಯಲ್ಲಿ ಎಂದುಕೊಳ್ಳಿ. ದಾಖಲೆ ಇರುವುದು ಕೋಲಾರದಲ್ಲಿ. ತುಮಕೂರಿನಲ್ಲಿ ಹುಡುಕಿಸಿದರೆ ಸಿಗುವುದು ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ. ಅದನ್ನೇ ಹಿಡಿದು ತಡವಾದ ನೋಂದಣಿಗೆ ಅರ್ಜಿ ಹಾಕಿ, ಆದೇಶ ತಂದು ಇನ್ನೊಂದು ನೋಂದಣಿ ಮಾಡಿಸಿದರೆ ಒಂದೇ ಮಗುವಿಗೆ ಎರಡು ದಾಖಲೆಯಾಗುತ್ತದೆ. ಮುಂದೆ ಒಂದನ್ನು ರದ್ದುಪಡಿಸುವುದು ತಿದ್ದುಪಡಿಗಿಂತ ನೂರು ಪಾಲು ಕಷ್ಟ. ಹುಟ್ಟಿದ ಊರಿನಲ್ಲಿ ಹುಡುಕಿಸುವವರೆಗೆ ದಾಖಲೆಯೇ ಇಲ್ಲವೆಂದು ತೀರ್ಮಾನಿಸಬೇಡಿ.

ಪತ್ರದ ಕೆಳಗೆ ಯಾರ ಸಹಿ, ಯಾವ ಕಚೇರಿಯ ಹೆಸರಿದೆ ನೋಡಿ. ಪಟ್ಟಣವಾದರೆ ಸಾಮಾನ್ಯವಾಗಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಹಳ್ಳಿಯ ಹಳೆಯ ದಾಖಲೆಗಳು ಗ್ರಾಮ ಲೆಕ್ಕಿಗರ ಕಾಲದವು, ಅವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಸೇರಿರಬಹುದು. ಈಗಿನ ನೋಂದಣಿಗಳೆಲ್ಲ ಇ-ಜನ್ಮ ತಂತ್ರಾಂಶದಲ್ಲಿವೆ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ಸಿಗಬಹುದು, ತಿದ್ದುಪಡಿ ಮಾತ್ರ ನೋಂದಣಾಧಿಕಾರಿಯ ಕೈಯಿಂದಲೇ ಆಗಬೇಕು. ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಹೊಸ ಪತ್ರ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ. ರಿಜಿಸ್ಟರ್‌ನಲ್ಲಿ ಇಲ್ಲದ ಪತ್ರ ಪರಿಶೀಲನೆಗೆ ಹೋದ ದಿನ ಸಿಕ್ಕಿಬೀಳುವವರು ನೀವು.

ಅರ್ಜಿ ಮತ್ತು ಪುರಾವೆ

ಕಾಯ್ದೆಯ 15ನೇ ಸೆಕ್ಷನ್ ತಿದ್ದುಪಡಿಯ ಅಧಿಕಾರವನ್ನು ನೋಂದಣಾಧಿಕಾರಿಗೆ ಕೊಟ್ಟಿದೆ. ತಪ್ಪೆಂದು ಅವರಿಗೆ ಮನವರಿಕೆಯಾದರೆ ರಿಜಿಸ್ಟರ್‌ನ ಮೂಲ ನಮೂದನ್ನು ಮುಟ್ಟದೆ, ಅಂಚಿನಲ್ಲಿ ಷರಾ ಬರೆದು, ಸಹಿ ಮಾಡಿ ದಿನಾಂಕ ಹಾಕುತ್ತಾರೆ. ಹಳೆಯದು ಅಳಿಯುವುದಿಲ್ಲ, ಯಾವಾಗ ಏನು ತಿದ್ದಿದರು ಎಂಬುದು ಉಳಿಯುತ್ತದೆ. ಪತ್ರದ ಮೇಲೆ ನೀವೇ ಪೆನ್ನಿನಲ್ಲಿ ಅಕ್ಷರ ಸೇರಿಸುವುದು, ವೈಟ್ನರ್ ಹಚ್ಚುವುದು ಮಾಡಿದರೆ ಆ ಪತ್ರ ಯಾವ ಕೆಲಸಕ್ಕೂ ಬಾರದು.

ಕಾಗುಣಿತ, ಇನಿಷಿಯಲ್, ಇಂಗ್ಲಿಷಿನಲ್ಲಿ ಅಕ್ಷರ ಬಿಟ್ಟುಹೋಗಿರುವುದು ಬರವಣಿಗೆಯ ತಪ್ಪುಗಳು. ನೋಂದಣಾಧಿಕಾರಿ ವಿಚಾರಿಸಿ, ದಾಖಲೆ ನೋಡಿ ಸರಿಪಡಿಸಬಹುದು. ತಂದೆಯ ಹೆಸರೇ ಬೇರೆ, ಲಿಂಗ ತಪ್ಪು, ದಿನಾಂಕ ತಪ್ಪು ಎಂದರೆ ಅದು ವಿಷಯದ ತಪ್ಪು. ಇದಕ್ಕೆ ಸಂಗತಿ ಬಲ್ಲ, ನಂಬಲರ್ಹರಾದ ಇಬ್ಬರು ತಪ್ಪೇನು, ಸತ್ಯವೇನು ಎಂದು ಬರೆದು ಘೋಷಣೆ ಕೊಡಬೇಕು ಎನ್ನುತ್ತದೆ ನಿಯಮ. ಹೆರಿಗೆಯ ಸಮಯದಲ್ಲಿ ಜೊತೆಗಿದ್ದ ಸೋದರತ್ತೆ, ಆಶಾ ಕಾರ್ಯಕರ್ತೆ, ನೆರೆಮನೆಯವರು ಒಳ್ಳೆಯ ಸಾಕ್ಷಿಗಳು. ಕಚೇರಿಯ ಮುಂದೆ ಸಿಕ್ಕವರ ಸಹಿ ಹಾಕಿಸಬೇಡಿ.

ಅರ್ಜಿ ಉದ್ದವಿರಬೇಕಿಲ್ಲ. ಹೀಗಿದ್ದರೆ ಸಾಕು:

“ನನ್ನ ಮಗಳ ಜನನ ನೋಂದಣಿ ಸಂಖ್ಯೆ …, ದಿನಾಂಕ …. ಇದರಲ್ಲಿ ತಾಯಿಯ ಹೆಸರು ‘ಮಂಜಮ್ಮ’ ಎಂದು ನಮೂದಾಗಿದೆ. ಸರಿಯಾದ ಹೆಸರು ‘ಮಂಜುಳ’. ಮಂಜಮ್ಮ ಎಂಬುದು ಮನೆಯಲ್ಲಿ ಕರೆಯುವ ಹೆಸರು, ಇಬ್ಬರೂ ಒಬ್ಬರೇ. ಮಗು ಹುಟ್ಟುವ ಮುಂಚಿನ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತದಾರರ ಗುರುತಿನ ಚೀಟಿ ಮತ್ತು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ನಕಲು ಲಗತ್ತಿಸಿದ್ದೇನೆ. ಕಾಯ್ದೆಯ 15ನೇ ಸೆಕ್ಷನ್‌ನಂತೆ ಸರಿಪಡಿಸಿ, ತಿದ್ದಿದ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ.”

ಇದರಲ್ಲಿ ‘ಮಗು ಹುಟ್ಟುವ ಮುಂಚಿನ’ ಎಂಬ ಮಾತನ್ನು ಗಮನಿಸಿ. ಅರ್ಜಿಗೆಂದೇ ಕಳೆದ ತಿಂಗಳು ಬದಲಿಸಿದ ಆಧಾರ್‌ಗಿಂತ ಹತ್ತು ವರ್ಷದ ಹಿಂದಿನ ಅಂಕಪಟ್ಟಿಗೆ ತೂಕ ಜಾಸ್ತಿ. ತಾಯಿ ಕಾರ್ಡ್, ಲಸಿಕೆ ಕಾರ್ಡ್, ಅಂಗನವಾಡಿ ದಾಖಲೆ ಯಾವುದನ್ನೂ ಎಸೆಯಬೇಡಿ. ನಕಲುಗಳ ಜೊತೆ ಮೂಲ ಪ್ರತಿಗಳನ್ನೂ ತೋರಿಸಲು ಒಯ್ಯಿರಿ, ಕೊಟ್ಟು ಬರಬೇಡಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿ ಸ್ವೀಕೃತಿ ಪಡೆಯುವುದನ್ನಂತೂ ಮರೆಯಬೇಡಿ.

ದಿನಾಂಕ ಮತ್ತು ಲಿಂಗದ ತಪ್ಪಿಗೆ ಆಸ್ಪತ್ರೆಯ ಕೇಸ್ ಶೀಟ್ ಮತ್ತು ಹೆರಿಗೆ ರಿಜಿಸ್ಟರ್‌ಗಿಂತ ದೊಡ್ಡ ಸಾಕ್ಷಿಯಿಲ್ಲ. ಆಸ್ಪತ್ರೆಗೆ ಹೋಗಿ, ಅವರ ದಾಖಲೆಯಲ್ಲಿರುವುದನ್ನು ದೃಢೀಕರಿಸಿ ಪತ್ರ ಕೊಡುವಂತೆ ಲಿಖಿತವಾಗಿ ಕೇಳಿ. ಸಣ್ಣ ನರ್ಸಿಂಗ್ ಹೋಂಗಳು ಮುಚ್ಚಿಹೋಗುತ್ತವೆ, ಹಳೆಯ ಕೇಸ್ ಶೀಟ್‌ಗಳು ಕಾಲಕ್ರಮದಲ್ಲಿ ವಿಲೇವಾರಿಯಾಗುತ್ತವೆ. ಮಗುವಿಗೆ ಎರಡು ವರ್ಷವಾಗಿದ್ದಾಗ ಒಂದು ಪತ್ರದಿಂದ ಮುಗಿಯುವ ಕೆಲಸ ಹದಿನೆಂಟಾದಾಗ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು.

ಹೆಸರಿನ ಕಾಲಂ ಖಾಲಿಯಿದ್ದರೆ

ನಾಮಕರಣಕ್ಕೆ ಮುಂಚೆಯೇ ನೋಂದಣಿಯಾದ ಮಕ್ಕಳ ಪತ್ರದಲ್ಲಿ ಹೆಸರು ಇರುವುದಿಲ್ಲ. ಇದು ತಿದ್ದುಪಡಿಯಲ್ಲ, ಹೆಸರು ಸೇರ್ಪಡೆ. 14ನೇ ಸೆಕ್ಷನ್ ಅಡಿ ಬರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಇನಿಷಿಯಲ್ ಬಿಡಿಸಿ ಬರೆಯಬೇಕೇ, ಇಂಗ್ಲಿಷಿನಲ್ಲಿ ಕಾಗುಣಿತ ಯಾವುದು ಎಂದು ಮನೆಯಲ್ಲಿ ಮೊದಲೇ ತೀರ್ಮಾನಿಸಿ, ಕಾಗದದ ಮೇಲೆ ಬರೆದುಕೊಂಡು ಹೋಗಿ. ಒಮ್ಮೆ ಸೇರಿದ ಹೆಸರು ಇಷ್ಟವಾಗಲಿಲ್ಲ, ಸಂಖ್ಯಾಶಾಸ್ತ್ರಕ್ಕೆ ಹೊಂದಲಿಲ್ಲ ಎಂಬುದು ‘ತಪ್ಪು’ ಎನಿಸಿಕೊಳ್ಳುವುದಿಲ್ಲ.

ಆಗುವುದಿಲ್ಲ ಎಂದರೆ

ಬಾಯಿಮಾತಿನ ‘ಆಗಲ್ಲ’ ಕೇಳಿ ವಾಪಸಾಗಬೇಡಿ. ಯಾಕೆ ಆಗದು ಎಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಎಷ್ಟೋ ಸಲ ಹಿಂಬರಹ ಬರೆಯಲು ಕುಳಿತಾಗಲೇ ಬೇಕಾದ ದಾಖಲೆ ಯಾವುದೆಂಬುದು ಸ್ಪಷ್ಟವಾಗುತ್ತದೆ. ಅರ್ಜಿ ಏನಾಯಿತೆಂದೇ ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು.

2023ರ ತಿದ್ದುಪಡಿ ಮೇಲ್ಮನವಿಯ ದಾರಿಯನ್ನೂ ಸ್ಪಷ್ಟಪಡಿಸಿದೆ. ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ, ಅವರ ಆದೇಶದ ಮೇಲೆ ಮುಖ್ಯ ನೋಂದಣಾಧಿಕಾರಿಗೆ ಹೋಗಬಹುದು. ಮೇಲ್ಮನವಿಯನ್ನು 90 ದಿನದಲ್ಲಿ ತೀರ್ಮಾನಿಸಬೇಕು. ಹಿಂಬರಹ ಕೈಯಲ್ಲಿಲ್ಲದಿದ್ದರೆ ಮೇಲ್ಮನವಿಗೆ ಹಿಡಿಯೇ ಸಿಗದು, ಅದಕ್ಕೇ ಅಷ್ಟು ಒತ್ತಿ ಹೇಳಿದ್ದು.

ತಿದ್ದಿದ ಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಎರಡೂ ಭಾಷೆಯಲ್ಲಿ ಪ್ರತಿ ಕಾಲಂ ಓದಿ. ಒಂದು ತಿದ್ದುವಾಗ ಇನ್ನೊಂದು ಕೆಟ್ಟಿದ್ದರೆ ಅಲ್ಲೇ ಹೇಳಿ. ಮೂರು ನಾಲ್ಕು ಪ್ರತಿ ತೆಗೆದುಕೊಂಡು, ಹಳೆಯದನ್ನು ಹರಿಯದೆ ಜೊತೆಗಿಡಿ, ನೋಂದಣಿ ಸಂಖ್ಯೆಯನ್ನು ಮೊಬೈಲಿನಲ್ಲೂ ಬರೆದಿಟ್ಟುಕೊಳ್ಳಿ. ಮಗುವಿನ ಆಧಾರ್ ಮತ್ತು ಶಾಲೆಯ ದಾಖಲೆ ಸರಿಪಡಿಸುವುದು ಇದಾದ ಮೇಲೆಯೇ. ಆಧಾರ್‌ನಲ್ಲಿ ಜನ್ಮ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ತಪ್ಪಿರುವ ಪತ್ರ ಕೊಟ್ಟು ಅದನ್ನು ಮೊದಲೇ ಬಳಸಿಬಿಡಬೇಡಿ.