ಮುದ್ರೆ ಒತ್ತಿದ ಮೇಲೆ ಹೊಣೆ ಯಾರದು?

ಗ್ಯಾಸ್ ಪೈಪ್ ಜೋಡಿಸುವವರ ಸಂಘದ ನಿಯಮ ಸಮಿತಿಯಲ್ಲಿ ನಾನಿದ್ದೆ. ಸರ್ಕಾರದ ಲೈಸೆನ್ಸ್ ಹೋಗಿ, ಅದರ ಜಾಗಕ್ಕೆ ನಮ್ಮ ಸಂಘದ ಪ್ರಮಾಣಪತ್ರ ಬಂತು. ಕೆಲಸ ಬಲ್ಲವರೇ ಪರೀಕ್ಷೆ ಮಾಡುತ್ತಾರೆ, ಒಳ್ಳೆಯದೇ ಅಲ್ವಾ? ನನಗೆ ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ನಮ್ಮ ಪತ್ರ ಇರುವವನು ಜೋಡಿಸಿದ ಪೈಪ್ ಸೋರಿ ಯಾರದ್ದಾದರೂ ಜೀವ ಹೋದರೆ ಕೇಸ್ ಯಾರ ಮೇಲೆ ಬೀಳುತ್ತದೆ ಅಂತ ನಾವ್ಯಾರೂ ಯೋಚಿಸಿರಲಿಲ್ಲ.

ನನ್ನ ಮೊದಲ ಕರಡಿನ ಕೊನೆಯಲ್ಲಿ 'ಸದಸ್ಯರ ಕೆಲಸಕ್ಕೆ ಸಂಘ ಹೊಣೆಯಲ್ಲ' ಅಂತ ಒಂದು ಸಾಲು ಹಾಕಿದ್ದೆ. ವಕೀಲರು ಓದಿ, "ಇದಕ್ಕೆ ಸದಸ್ಯರು ಸಹಿ ಹಾಕಿದ್ದಾರೆ, ಪೈಪ್ ಸೋರಿದ ಮನೆಯವರು ಹಾಕಿಲ್ವಲ್ಲ" ಅಂದರು. ಆಮೇಲೆ ಅಮೆರಿಕದ ಒಂದು ತೀರ್ಪು ಓದಲು ಕೊಟ್ಟರು. 1984ರಲ್ಲಿ ರಕ್ತ ಪಡೆದ ರೋಗಿಯೊಬ್ಬರಿಗೆ ಎಚ್‌ಐವಿ ತಗುಲಿತ್ತು. ರಕ್ತ ಕೊಟ್ಟಿದ್ದು ಒಂದು ರಕ್ತನಿಧಿ. ಅದು ಪಾಲಿಸುತ್ತಿದ್ದ ನಿಯಮ ಬರೆದಿದ್ದು ರಕ್ತನಿಧಿಗಳದ್ದೇ ಸಂಘವಾದ ಅಮೆರಿಕನ್ ಅಸೋಸಿಯೇಷನ್ ಆಫ್ ಬ್ಲಡ್ ಬ್ಯಾಂಕ್ಸ್. ನಾವು ಸರ್ಕಾರ ಮಾಡುವಂಥ ಕೆಲಸ ಮಾಡುತ್ತಿದ್ದೇವೆ, ನಮ್ಮ ಮೇಲೆ ಕೇಸ್ ಹಾಕದಂತೆ ನಮಗೂ ಕಾನೂನಿನ ರಕ್ಷಣೆ ಬೇಕು ಅಂತ ಆ ಸಂಘದವರು ವಾದಿಸಿದರು. 1996ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ರಕ್ತನಿಧಿ, ಆಸ್ಪತ್ರೆ, ಸರ್ಕಾರ ಎಲ್ಲರೂ ನಿಮ್ಮ ಮಾತನ್ನೇ ನಂಬಿ ನಡೆಯುವಾಗ, ರಕ್ತ ಪಡೆಯುವವರ ಬಗ್ಗೆ ಎಚ್ಚರ ವಹಿಸುವುದು ನಿಮ್ಮ ಕರ್ತವ್ಯ ಅಂದಿತು.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನ ನಮ್ಮನ್ನು ನಂಬಲಿ ಅಂತಲೇ ಮುದ್ರೆ ಒತ್ತುತ್ತಿದ್ದೇವೆ, ನಂಬಿದ ಮೇಲೆ ಕೈ ತೊಳೆದುಕೊಳ್ಳೋದು ಹೇಗೆ?

ಆ ಸಾಲು ಕಿತ್ತು ಹಾಕಿದೆ. ಸದಸ್ಯನ ಕೆಲಸದಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ಹೊಣೆ ವಿಮೆ ಇಲ್ಲದೆ ಪತ್ರವಿಲ್ಲ ಅಂತ ಮಾಡಿದೆವು, ಸಂಘದ ಹೆಸರಲ್ಲೂ ಬೇರೆ ಪಾಲಿಸಿ ತೆಗೆದುಕೊಂಡೆವು. ತಪಾಸಣೆಗೆ ಹೋದವನು ಏನು ನೋಡಿದ, ಏನು ನೋಡಲಿಲ್ಲ, ಎರಡನ್ನೂ ಬರೆದಿಡಬೇಕು. ಪತ್ರದ ಮೇಲೂ ನಾವು ಪರೀಕ್ಷಿಸಿದ್ದನ್ನಷ್ಟೇ ಹೇಳುತ್ತೇವೆ. ಸುಮ್ನೆ 'ಸುರಕ್ಷಿತ' ಅಂತ ಬರೆಯೋದನ್ನು ನಿಲ್ಲಿಸಿದೆವು.

ಜಾಸ್ತಿ ಜಗಳ ಆಗಿದ್ದು ಪತ್ರ ರದ್ದು ಮಾಡುವ ವಿಷಯಕ್ಕೆ. ಕೆಟ್ಟ ಕೆಲಸ ಮಾಡಿದವನನ್ನು ತೆಗೆಯದಿದ್ದರೆ ಗ್ರಾಹಕರಿಗೆ ಉತ್ತರ ಕೊಡಬೇಕು, ತೆಗೆದರೆ ಪೈಪೋಟಿ ತಪ್ಪಿಸಲು ತೆಗೆದಿರಿ ಅಂತ ಅವನೇ ಕೋರ್ಟಿಗೆ ಹೋಗುತ್ತಾನೆ. ಇದು ಬರೀ ಭಯವಲ್ಲ. ಬಾಯ್ಲರ್‌ಗಳ ಸುರಕ್ಷತಾ ನಿಯಮ ಬರೆಯುವ ಅಮೆರಿಕನ್ ಸೊಸೈಟಿ ಆಫ್ ಮೆಕ್ಯಾನಿಕಲ್ ಇಂಜಿನಿಯರ್ಸ್‌ನ ಸಮಿತಿಯಲ್ಲಿದ್ದ ಕೆಲವರು ಸಂಸ್ಥೆಯ ಹೆಸರು ಬಳಸಿ ತಮ್ಮ ಪೈಪೋಟಿದಾರನ ಬಾಯ್ಲರ್ ಸಾಧನ ಸುರಕ್ಷಿತವಲ್ಲ ಅನ್ನೋ ಹಾಗೆ ಮಾಡಿದ್ದರು. ಸಂಸ್ಥೆಗೆ ಅದರಿಂದ ಯಾವ ಲಾಭವೂ ಇಲ್ಲದಿದ್ದರೂ ಸಂಸ್ಥೆಯೂ ಹೊಣೆ ಅಂತ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಮ್ಮ ಶಿಸ್ತು ಸಮಿತಿಯಲ್ಲಿ ಈ ಧಂದೆಯವರು ಯಾರೂ ಇಲ್ಲ. ಕಾರಣ ಬರೆದು ಕೊಡುತ್ತೇವೆ, ಮೇಲ್ಮನವಿಗೆ ಅವಕಾಶ ಕೊಡುತ್ತೇವೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ವಿಮೆಯ ಕಂತು ಕಟ್ಟಲಾಗದೆ, ಚೆನ್ನಾಗಿ ಕೆಲಸ ಬಲ್ಲ ಕೆಲವರು ಸಂಘ ಬಿಟ್ಟು ಹೋದರು. ಸದಸ್ಯರೆಲ್ಲರಿಗೂ ಸೇರಿಸಿ ಸಂಘವೇ ಒಂದು ಪಾಲಿಸಿ ತೆಗೆದು ಕಂತು ಹಂಚಿಕೊಳ್ಳೋಣ ಅಂತ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ.